ಮೋಡದ ಮೇಲಿನ ಮೇಜು

ನನಗೂ ಕಂಪ್ಯೂಟರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಶಾಲೆಯಲ್ಲಿ ಮಕ್ಕಳ ಅಂಕಗಳನ್ನು ಅದಕ್ಕೆ ತುಂಬಿಸುವಷ್ಟು ಬಲ್ಲೆ. ಅದೂ ಪಕ್ಕದಲ್ಲಿ ಗಣಿತದ ಮೇಷ್ಟರು ಕುಳಿತಿದ್ದರೆ. ಇಂಥ ನಾನು ಆ ವಿಚಾರವಾಗಿ ಬರೆಯಲು ಕುಳಿತಿದ್ದನ್ನು ಕಂಡು ನಮ್ಮ ಯಜಮಾನರು ಮೂಗಿನ ಮೇಲೆ ಬೆರಳಿಟ್ಟಿದ್ದಾರೆ. ಆದರೆ ಇದು ಯಂತ್ರದ ಕಥೆಗಿಂತ ಹೆಚ್ಚಾಗಿ ನನ್ನ ತಮ್ಮನ ಆಫೀಸಿನ ಕಥೆ. ಅದಕ್ಕಿಂತಲೂ ಹೆಚ್ಚಾಗಿ ನನ್ನ ಕೈಯಲ್ಲಿ ಕಲಿತ ಒಬ್ಬ ಹುಡುಗಿಯ ಕಥೆ.

ತಮ್ಮ ತಿಪಟೂರಿನಲ್ಲಿ ತೆರಿಗೆ ಲೆಕ್ಕಪತ್ರದ ಆಫೀಸು ಇಟ್ಟಿದ್ದಾನೆ. ಕೊಬ್ಬರಿ ಮಂಡಿಯವರು, ಅಂಗಡಿಯವರು, ಎರಡು ಮೂರು ಸಣ್ಣ ಕಂಪನಿಯವರು ಅವನ ಗಿರಾಕಿಗಳು. ಆರು ಜನ ಕೆಲಸಕ್ಕಿದ್ದಾರೆ. 2016ರಲ್ಲಿ ಅವನು ಸರ್ವರ್ ಕೊಳ್ಳುವಾಗ ನಾನೇ ಜಿ.ಪಿ.ಎಫ್. ಸಾಲ ತೆಗೆದು ಕೊಟ್ಟಿದ್ದೆ. ಮೂಲೆಯಲ್ಲಿ ಗುಂಯ್ ಎನ್ನುತ್ತಿದ್ದ ಆ ಪೆಟ್ಟಿಗೆಗೆ ಆಯುಧಪೂಜೆಯ ದಿನ ಕುಂಕುಮ ಇಡುವ ಹಕ್ಕು ಅಂದಿನಿಂದ ನನ್ನದು.

2024ರ ಆಯುಧಪೂಜೆಗೆ ಹೋದರೆ ಪೆಟ್ಟಿಗೆಯೇ ಇಲ್ಲ!

"ಎಲ್ಲೋ ಅದು?"

"ಗುಜರಿಗೆ ಹಾಕಿದೆ ಅಕ್ಕ. ಈಗ ಎಲ್ಲಾ ಕ್ಲೌಡ್‌ನಲ್ಲಿದೆ."

ಅದಕ್ಕೆ ವರ್ಚುಯಲ್ ಡೆಸ್ಕ್‌ಟಾಪ್ ಎಂದು ಹೆಸರಂತೆ. ಇಲ್ಲಿ ಮೇಜಿನ ಮೇಲಿರುವುದು ಬರೀ ಕನ್ನಡಿ. ನಿಜವಾದ ಕಂಪ್ಯೂಟರ್, ಲೆಕ್ಕಪತ್ರ ಎಲ್ಲ ಮುಂಬಯಿಯಲ್ಲಿ. ಒಬ್ಬೊಬ್ಬರ ಮೇಜಿಗೆ ಇಷ್ಟು ಎಂದು ತಿಂಗಳ ಬಾಡಿಗೆ. ಕೆಟ್ಟರೆ ಅವರೇ ನೋಡಿಕೊಳ್ಳುತ್ತಾರೆ, ಕಳ್ಳರ ಭಯವಿಲ್ಲ, ಮನೆಯಲ್ಲಿ ಕುಳಿತೂ ಆಫೀಸಿನ ಕೆಲಸ ಮಾಡಬಹುದು. 2020ರ ಲಾಕ್‌ಡೌನಿನಲ್ಲಿ ಅವನು ಪಟ್ಟ ಪಾಡು ನೋಡಿದ್ದೆನಾದ್ದರಿಂದ ಈ ಮಾತು ಸುಳ್ಳು ಎನ್ನಲಾರೆ. ಆದರೂ ನನಗೆ ನೆನಪಾದದ್ದು ತವರಿನ ಬಾವಿ. ಮನೆಗೆ ನಲ್ಲಿ ಬಂದ ಸಂಭ್ರಮದಲ್ಲಿ ಅಪ್ಪ ಬಾವಿಗೆ ಮಣ್ಣು ತುಂಬಿಸಿದರು. ಎರಡು ದಿನಕ್ಕೊಮ್ಮೆ ನೀರು ಬಿಡತೊಡಗಿದ ಮೇಲೆ ಅಮ್ಮ ಸಾಯುವವರೆಗೂ ಆ ಜಾಗ ನೋಡಿದಾಗಲೆಲ್ಲ ಗೊಣಗುತ್ತಿದ್ದಳು.

ಹುಡುಗಿಯ ಮಾತಿಗೆ ಬರುತ್ತೇನೆ. ಗಂಡನನ್ನು ಕಳೆದುಕೊಂಡು, ಮಗುವನ್ನು ಕಟ್ಟಿಕೊಂಡು ಬಂದವಳನ್ನು ಕೆಲಸಕ್ಕೆ ಸೇರಿಸಿದವಳು ನಾನೇ. ನುಡಿಯಲ್ಲಿ ಅವಳಷ್ಟು ಚುರುಕಾಗಿ ಕನ್ನಡ ಟೈಪ್ ಮಾಡುವವರು ಆ ಬೀದಿಯಲ್ಲಿಲ್ಲ. ಮಂಡಿಯವರಿಗೆ ಹೋಗುವ ಪತ್ರಗಳೆಲ್ಲ ಅವಳ ಕೈಯಿಂದಲೇ. ಪೂಜೆ ಮುಗಿದು ಪುರಿ-ಬೆಲ್ಲ ತಿನ್ನುವಾಗ ತಮ್ಮ ಮೆಲ್ಲನೆ ಹೇಳಿದ: "ಅಕ್ಕ, ನಿನ್ನ ಶಿಷ್ಯೆ ತುಂಬಾ ಸ್ಲೋ ಆಗಿದ್ದಾಳೆ. ದಿನಕ್ಕೆ ನಲವತ್ತು ಪತ್ರ ಮಾಡ್ತಿದ್ದವಳು ಈಗ ಇಪ್ಪತ್ತೈದೂ ಮುಟ್ಟಲ್ಲ. ಮನಸ್ಸು ಕೆಲಸದ ಮೇಲಿಲ್ಲ. ಬೇರೆಯವರನ್ನ ನೋಡಬೇಕು."

ನನಗೆ ತಿಂದದ್ದು ಗಂಟಲಲ್ಲಿ ಇಳಿಯಲಿಲ್ಲ. ಮಾರನೆಯ ದಿನವೂ ವಿಜಯದಶಮಿಯ ರಜೆ. ಸೋಮವಾರ ಅವಳ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತೆ. ಅವಳ ಬೆರಳು ಓಡುತ್ತಿತ್ತು, ಅಕ್ಷರ ಮಾತ್ರ ಹಿಂದೆ ಹಿಂದೆ ತೆವಳಿಕೊಂಡು ಬರುತ್ತಿತ್ತು. ಒತ್ತಕ್ಷರ ಬಿತ್ತೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ಒತ್ತುವಳು, ಎರಡೂ ಒಟ್ಟಿಗೆ ಬಂದು ಕೂರುವವು, ಅಳಿಸುವಳು, ಅಳಿಸಿದ್ದೂ ತಡವಾಗಿ ಅಳಿಸಿ, ಬೇಕಾದ ಅಕ್ಷರವೂ ಹೋಗುವುದು.

"ನೀನು ಯಾಕಮ್ಮ ಸಾರ್‌ಗೆ ಹೇಳಲಿಲ್ಲ?"

"ಬೇರೆ ಯಾರಿಗೂ ಹೀಗಾಗಲ್ಲ ಅಂತಾರೆ ಮೇಡಂ. ನನ್ನ ಕೈನೇ ಸರಿಯಿಲ್ಲ ಅಂದುಕೊಂಡೆ."

ಉಳಿದವರಿಗೆ ಏಕೆ ಆಗದು ಎಂದು ನೋಡಿದೆ. ಅವರೆಲ್ಲ ಎರಡೇ ಬೆರಳಿನಲ್ಲಿ ಕೋಳಿ ಕಾಳು ಹೆಕ್ಕಿದಂತೆ ಕುಟ್ಟುವವರು; ಅಕ್ಷರ ತಡವಾದದ್ದು ಅವರಿಗೆ ತಿಳಿಯುವುದಾದರೂ ಹೇಗೆ! ಒತ್ತಿದ ಪ್ರತಿಯೊಂದು ಅಕ್ಷರವೂ ಮುಂಬಯಿಗೆ ಹೋಗಿ, ಅಲ್ಲಿಂದ ಚಿತ್ರವಾಗಿ ತಿರುಗಿ ಬರಬೇಕು. ಲೈನು ಚೆನ್ನಾಗಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಹನ್ನೊಂದು ಗಂಟೆಗೆ ಆರೂ ಜನ ಒಂದೇ ಲೈನಿನ ಮೇಲೆ ಕುಳಿತಾಗ ಬರುವುದಿಲ್ಲ. "ಮೋಡದಿಂದ ಇಳಿದು ಈ ಕಂಪ್ಯೂಟರಿನಲ್ಲೇ ಒಂದು ಪತ್ರ ಮಾಡು" ಎಂದೆ. ತಮ್ಮನನ್ನು ಕರೆದು ನಿಲ್ಲಿಸಿದೆ. ಅವಳು ಹಳೆಯ ಹಾಗೆಯೇ ಪಟಪಟನೆ ಮುಗಿಸಿದಳು. ತಮ್ಮ ಏನೂ ಮಾತಾಡಲಿಲ್ಲ.

ಆಮೇಲೆ ಒಂದೊಂದಾಗಿ ಬಾಯಿ ಬಿಟ್ಟ. ಕಂಪನಿಗಳ ರಿಟರ್ನಿಗೆ ಡಿಜಿಟಲ್ ಸಹಿ ಬೇಕು, ಅದೊಂದು ಸಣ್ಣ ಕಡ್ಡಿ. ಇಲ್ಲಿ ಚುಚ್ಚಿದರೆ ಮುಂಬಯಿಯ ಯಂತ್ರದ ಕಣ್ಣಿಗೆ ಬೀಳುವುದಿಲ್ಲವಂತೆ. ಅದಕ್ಕೆಂದೇ ಹಳೆಯ ಲ್ಯಾಪ್‌ಟಾಪ್ ಒಂದನ್ನು ಉಳಿಸಿಕೊಂಡಿದ್ದಾನೆ. ಪ್ರಿಂಟರ್ ಒಮ್ಮೊಮ್ಮೆ ಮುನಿಸಿಕೊಳ್ಳುತ್ತದೆ. ಮೊದಲು ಅಗ್ಗವೆನಿಸಿದ ಬಾಡಿಗೆ, ಜಾಗಕ್ಕಿಷ್ಟು, ಬ್ಯಾಕಪ್ಪಿಗಿಷ್ಟು ಎಂದು ಹನುಮಂತನ ಬಾಲದಂತೆ ಬೆಳೆದಿದೆ.

ಇದೆಲ್ಲ ಹೇಗೋ ನಡೆಯುತ್ತಿತ್ತು. ನವೆಂಬರ್ 20ರಂದು ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿ ಕೇಬಲ್ ಕಿತ್ತಿತು. ತಿಂಗಳ ಜಿ.ಎಸ್.ಟಿ. ರಿಟರ್ನಿಗೆ 20ನೇ ತಾರೀಖೇ ಕೊನೆ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಕಟ್ಟದ ತೆರಿಗೆಗೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ. ಸರ್ಕಾರದ ಪೋರ್ಟಲನ್ನು ಮೊಬೈಲಿನಲ್ಲೂ ತೆರೆಯಬಹುದು, ಆದರೆ ತುಂಬಬೇಕಾದ ಲೆಕ್ಕವೆಲ್ಲ ಮೋಡದಲ್ಲಿ! ಮೊದಲಾಗಿದ್ದರೆ ಲೈನು ಹೋದರೂ ಲೆಕ್ಕ ಕೈಯಲ್ಲಿರುತ್ತಿತ್ತು. ಆರು ಜನ ಒಬ್ಬರ ಫೋನಿನ ಇಂಟರ್ನೆಟ್ಟಿಗೆ ಸರದಿ ನಿಂತರು. ರಾತ್ರಿ ಹನ್ನೆರಡಾದರೂ ಒಂಬತ್ತು ಜನರದ್ದು ಉಳಿಯಿತು. ದಂಡ, ಬಡ್ಡಿ ತಮ್ಮನೇ ಕಟ್ಟಿದ. ಆದರೂ ಅಪ್ಪನ ಕಾಲದಿಂದ ಪರಿಚಯದ ಮಂಡಿಯವರೊಬ್ಬರು ಫೈಲು ತೆಗೆದುಕೊಂಡು ಹೋದರು.

ನಮ್ಮಂಥ ಸಣ್ಣವರಿಗೆ ಮಾತ್ರ ಹೀಗೆ ಎಂದುಕೊಂಡಿದ್ದೆ. 2025ರ ಜುಲೈಯಲ್ಲಿ ಪತ್ರಿಕೆ ನೋಡಿ ದಂಗಾದೆ. ಗುಜರಾತಿನಲ್ಲಿ ದೊಡ್ಡ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿಯ ಮೇಲೆ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿತು. ಮೈಕ್ರೋಸಾಫ್ಟ್ ತನ್ನ ಸೇವೆ ನಿಲ್ಲಿಸಿಬಿಟ್ಟಿತು. ಹಣ ಕೊಟ್ಟಿದ್ದೇವೆ, ನಮ್ಮ ಮಾಹಿತಿಯೇ ನಮಗೆ ಸಿಗುತ್ತಿಲ್ಲ ಎಂದು ಅವರು ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿದರು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಅವರಿಗೆ ಹೈಕೋರ್ಟಿಗೆ ಹೋಗುವ ತ್ರಾಣವಿತ್ತು. ನನ್ನ ತಮ್ಮ ಎಲ್ಲಿಗೆ ಹೋಗಬೇಕು, ಹೇಳಿ.

ಅವನೀಗ ಬೇರೆ ಕಂಪನಿಯ ಇನ್ನೊಂದು ಲೈನು ಹಾಕಿಸಿದ್ದಾನೆ. ಶನಿವಾರ ಶನಿವಾರ ಎಲ್ಲ ಲೆಕ್ಕದ ನಕಲು ಒಂದು ಡಿಸ್ಕಿಗೆ ಇಳಿದು ನಮ್ಮ ಮನೆಯ ಬೀರುವಿಗೆ ಬರುತ್ತದೆ, ಒಡವೆ ಡಬ್ಬಿಯ ಪಕ್ಕ. ಬಾಡಿಗೆ ಪೂರ್ತಿ ಬಿಡುವಂತಿಲ್ಲ. ಹೊಸ ಸರ್ವರಿಗೆ ದುಡ್ಡೆಲ್ಲಿ? ನನ್ನ ಜಿ.ಪಿ.ಎಫ್. ಮಗಳ ಮದುವೆಗೆ ಖರ್ಚಾಯಿತು. ಕನ್ನಡದ ಪತ್ರಗಳನ್ನು ಮಾತ್ರ ಹುಡುಗಿ ಕಣ್ಣೆದುರಿನ ಕಂಪ್ಯೂಟರಿನಲ್ಲೇ ಮಾಡುತ್ತಾಳೆ. ದಿನಕ್ಕೆ ನಲವತ್ತೆರಡಕ್ಕೂ ಹೋಗಿದೆಯಂತೆ. ಸ್ಲೋ ಎಂದು ತಡೆಹಿಡಿದಿದ್ದ ಅವಳ ಸಂಬಳದ ಏರಿಕೆ ಇನ್ನೂ ಕೈಗೆ ಬಂದಿಲ್ಲ. ಮುಂದಿನ ಶನಿವಾರ ಡಿಸ್ಕು ಕೊಡಲು ತಮ್ಮ ಬರುತ್ತಾನಲ್ಲ, ಕೇಳುತ್ತೇನೆ.