ನಾಲ್ಕನೇ ಹೆಸರು

ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಒಬ್ಬ ಇದ್ದಾನೆ, ಮೈಸೂರು ಕಡೆಯವನು. ಇಂಟರ್ನಲ್ಸ್ ಮುಗಿದ ರಾತ್ರಿ ಲ್ಯಾಪ್‌ಟಾಪ್‌ನಲ್ಲಿ 'ಅಸ್ಯಾಸಿನ್ಸ್ ಕ್ರೀಡ್' ಆಡ್ತಾ ಕೂತಿದ್ದ. ಇಟಲಿಯ ಫ್ಲಾರೆನ್ಸ್ ಊರು, ಮೆಡಿಚಿ ಮನೆತನ, ಅವರನ್ನ ಮುಗಿಸೋಕೆ ಹೊಂಚು ಹಾಕುವ ಇನ್ನೊಂದು ಮನೆತನ. ಆಡ್ತಾ ಆಡ್ತಾ ಕೇಳಿದ, "ನಿಮ್ಮ ಬೀದರ್ ಕಡೆ ಇಂಥದ್ದು ಏನಾದರೂ ಇದೆಯೇನೋ?"

ನನಗೆ ಥಟ್ಟನೆ ಏನೂ ಹೊಳೆಯಲಿಲ್ಲ. ನನ್ನದು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಹಿಸ್ಟರಿ ಅಂದ್ರೆ ನನಗೆ ಎರಡು ಮಾರ್ಕಿನ ಪ್ರಶ್ನೆ: ಬಹಮನಿ ರಾಜ್ಯ ಒಡೆದು ಹುಟ್ಟಿದ ಐದು ರಾಜ್ಯಗಳನ್ನು ಹೆಸರಿಸಿ. ಬಿಜಾಪುರದ ಆದಿಲ್ ಶಾಹಿ, ಅಹ್ಮದ್‌ನಗರದ ನಿಜಾಮ್ ಶಾಹಿ, ಗೋಲ್ಕೊಂಡದ ಕುತುಬ್ ಶಾಹಿ, ಬೇರಾರದ ಇಮಾದ್ ಶಾಹಿ. ನಾಲ್ಕು ಬರೆದು ಐದನೆಯದಕ್ಕೆ ಪೆನ್ನು ಕಚ್ಚುತ್ತಾ ಕೂತವನು ನಾನೇ. ಐದನೆಯದು ಬೀದರಿನ ಬರೀದ್ ಶಾಹಿ. ಅಂದ್ರೆ ನಮ್ಮದೇ!

ನಮ್ಮೂರು ಭಾತಂಬ್ರಾ, ಭಾಲ್ಕಿ ತಾಲ್ಲೂಕು. ಊರಲ್ಲೇ ಒಂದು ಹಳೆ ಕೋಟೆ ಇದೆ. ಬೀದರಿಗೆ ಹೋದಾಗೆಲ್ಲ ಊರ ಪಶ್ಚಿಮಕ್ಕೆ ಬರೀದ್ ಶಾಹಿಗಳ ಗೋರಿಗಳು ಕಾಣ್ತವೆ. ಅಲ್ಲಿ ಈಗ ಪಾರ್ಕ್ ಇದೆ, ಜನ ವಾಕಿಂಗ್ ಮಾಡ್ತಾರೆ. ಚಿಕ್ಕವನಿದ್ದಾಗ ಆ ಗುಮ್ಮಟಗಳನ್ನು ನೋಡಿದ್ರೆ ನನಗೆ ನೆನಪಾಗ್ತಿದ್ದದ್ದು ಐಸ್‌ಕ್ರೀಮ್ ಮಾತ್ರ. ರೂಮ್‌ಮೇಟ್ ಪ್ರಶ್ನೆ ಕೇಳಿದ ಮೇಲೆ ಕಾಲೇಜ್ ಲೈಬ್ರರಿಯಲ್ಲಿ, ಆಮೇಲೆ ಫೋನಿನಲ್ಲಿ ಓದೋಕೆ ಶುರು ಮಾಡಿದೆ.

ಕಥೆ ಶುರುವಾಗೋದು ಒಬ್ಬ ಗುಲಾಮನಿಂದ. ಖಾಸಿಂ ಬರೀದ್ ತುರ್ಕಿಯವನು, ಜಾರ್ಜಿಯಾ ಕಡೆಯಿಂದ ಬಂದವನು, ಅವನನ್ನು ಬಹಮನಿ ಸುಲ್ತಾನ ಮೂರನೇ ಮುಹಮ್ಮದ್ ಶಾಹನಿಗೆ ಮಾರಿದ್ರು ಅಂತ ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಅದೇ ಸುಲ್ತಾನ 1481ರಲ್ಲಿ ತನ್ನ ಮಂತ್ರಿ ಮಹಮೂದ್ ಗವಾನನನ್ನು ಕೊಲ್ಲಿಸಿದ. ಬೀದರಿನ ಮದರಸಾ ಕಟ್ಟಿಸಿದ ಗವಾನ್ ಅವನೇ. ಮರುವರ್ಷ ಸುಲ್ತಾನನೂ ಸತ್ತ. ಗದ್ದುಗೆಗೆ ಬಂದವನು ಹನ್ನೆರಡು ವರ್ಷದ ಹುಡುಗ ಮಹಮೂದ್ ಶಾ. ಗವಾನ್ ಇಲ್ಲ, ರಾಜ ಚಿಕ್ಕವನು, ಸರದಾರರಲ್ಲಿ ದಖನಿಗಳು ಮತ್ತು ಪರದೇಶಿಗಳು ಅಂತ ಎರಡು ಗುಂಪು. 1490ರ ಹೊತ್ತಿಗೆ ಬಿಜಾಪುರ, ಅಹ್ಮದ್‌ನಗರ, ಬೇರಾರದವರು ತಮ್ಮ ತಮ್ಮ ದಾರಿ ಹಿಡಿದ್ರು.

ಖಾಸಿಂ ಮಾತ್ರ ಎಲ್ಲೂ ಹೋಗಲಿಲ್ಲ. ಅವನು ಬೀದರಿನ ಕೋತ್ವಾಲ. ಅಂದ್ರೆ ಊರ ಕಾವಲು, ಊರ ಬಾಗಿಲು, ಬಾಗಿಲಿನ ಕೀಲಿಕೈ ಅವನ ಕೈಯಲ್ಲಿ. ಬೇರೆಯವರು ದೂರದ ಪ್ರಾಂತ ತಗೊಂಡ್ರು, ಇವನು ರಾಜನನ್ನೇ ತಗೊಂಡ. 1492ರ ಹೊತ್ತಿಗೆ ಪ್ರಧಾನಮಂತ್ರಿ. ಸುಲ್ತಾನ ಅರಮನೆ ಒಳಗೆ, ಅಧಿಕಾರ ಖಾಸಿಂನ ಕೈಯಲ್ಲಿ. 1504ರಲ್ಲಿ ಖಾಸಿಂ ಸತ್ತಾಗ ಆ ಜಾಗ ಮಗ ಅಮೀರ್ ಬರೀದನಿಗೆ ಬಂತು, ಅದು ನೌಕರಿ ಅಲ್ಲ ಮನೆ ಆಸ್ತಿ ಅನ್ನೋ ಹಾಗೆ.

ಅಮೀರ್ ಬರೀದನಿಗೆ 'ದಖನಿನ ನರಿ' ಅಂತ ಹೆಸರು. 1518ರಲ್ಲಿ ಮಹಮೂದ್ ಶಾ ಸತ್ತ ಮೇಲೆ ಇವನು ಒಬ್ಬರ ಹಿಂದೆ ಒಬ್ಬರಂತೆ ನಾಲ್ವರನ್ನು ಗದ್ದುಗೆ ಮೇಲೆ ಕೂರಿಸಿದ: ಅಹ್ಮದ್, ಅಲಾವುದ್ದೀನ್, ವಲಿಯುಲ್ಲಾ, ಕಲೀಮುಲ್ಲಾ. ತಾನು ಮಾತ್ರ ಕೂರಲಿಲ್ಲ. ಕೂತಿದ್ರೆ ಸುತ್ತಲಿನವರಿಗೆಲ್ಲ ದಂಡೆತ್ತಿ ಬರೋಕೆ ನೆಪ ಸಿಕ್ಕಿರೋದು. ಕೊನೆಯವನಾದ ಕಲೀಮುಲ್ಲಾ ದೆಹಲಿಯ ಬಾಬರನಿಗೆ ಗುಟ್ಟಾಗಿ ಸಹಾಯ ಕೇಳಿದ, ಸಹಾಯ ಬರಲಿಲ್ಲ, ಗುಟ್ಟು ಬಯಲಾಯ್ತು. ಬಿಜಾಪುರಕ್ಕೆ ಓಡಿದ, ಅಲ್ಲಿಂದ ಅಹ್ಮದ್‌ನಗರಕ್ಕೆ. ಅಲ್ಲಿಗೆ ಬಹಮನಿ ಕಥೆ ಮುಗೀತು. ಅಷ್ಟೂರಿಗೆ ಹೋದರೆ ನೋಡಿ, ಮೊದಲಿನ ಬಹಮನಿಗಳ ಗೋರಿಗಳು ಬೆಟ್ಟದಂಗೆ ಇವೆ, ಕೊನೆಯವರದು ಅವುಗಳ ಮುಂದೆ ಗುಡಿಸಲಿನಷ್ಟು.

ಈ ದೀಪಾವಳಿ ರಜೆಗೆ ಊರಿಗೆ ಹೋದಾಗ ಇದನ್ನೆಲ್ಲ ಮುತ್ಯಾನಿಗೆ ಹೇಳಿದೆ. (ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅಂತೀವಿ.) ಮನೇಲಿ ವಾತಾವರಣ ಸರಿ ಇರಲಿಲ್ಲ. ನಮ್ಮದು ಹಳೆ ವಾಡೆ. ಸಾಗವಾನಿ ಕಂಬ, ಕುದುರೆ ಸಮೇತ ಒಳಗೆ ಬರುವಷ್ಟು ದೊಡ್ಡ ಬಾಗಿಲು. ಮೂರು ವರ್ಷದ ಹಿಂದೆ ಮಳೆಗೆ ಹಿಂದಿನ ಗೋಡೆ ಬಿತ್ತು, ಯಾರೂ ಕಟ್ಟಿಸಲಿಲ್ಲ. ಅಪ್ಪ ಮತ್ತು ಇಬ್ಬರು ಕಾಕಾಗಳು ಅದನ್ನ ಮೂರು ಪಾಲು ಮಾಡಿ ಮಾರಬೇಕು ಅಂತ ಕೂತಿದ್ರು. ಯಾವ ಪಾಲಿಗೆ ಬಾಗಿಲು ಬರ್ತದೆ ಅನ್ನೋದರ ಮೇಲೆ ಜಗಳ. ಹಬ್ಬದ ಊಟಕ್ಕೂ ಒಬ್ಬರು ಒಬ್ಬರ ಮುಖ ನೋಡಲಿಲ್ಲ.

ನಾನು ಮುತ್ಯಾನನ್ನು ಸಮಾಧಾನ ಮಾಡೋಣ ಅಂತ, "ಮುತ್ಯಾ, ನಮ್ಮದು ಬಿಡು, ರಾಜರ ಮನೇನೇ ಉಳೀಲಿಲ್ಲ. ಆದ್ರೂ ಆ ಬರೀದ್ ಮೋಸಗಾರ ನೋಡು, ಅನ್ನ ಹಾಕಿದ ಮನೇನೇ ನುಂಗಿದ" ಅಂದೆ.

ಮುತ್ಯಾ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ತಮ್ಮಾ, ಈ ವಾಡೆ ಯಾರು ಕಟ್ಟಿಸಿದ್ರು ಗೊತ್ತದ ಏನು?"

"ನಿಮ್ಮಪ್ಪ."

"ಅಲ್ಲ. ನಮ್ಮಪ್ಪ ಇಲ್ಲಿ ಲೆಕ್ಕ ಬರೀತಿದ್ದ. ಅವರ ಹೊಲದ ಲೆಕ್ಕ, ಧಾನ್ಯದ ಲೆಕ್ಕ, ಎಲ್ಲಾ ಕೀಲಿ ಅವನ ಸೊಂಟದಾಗ. ನಿಜಾಮನ ರಾಜ್ಯ ಹೋಯ್ತು, ಆ ಮನಿಯವ್ರು ಹೈದರಾಬಾದಿಗೆ ಹೋದ್ರು. ನೋಡ್ಕೊಂಡಿರು ಅಂತ ಹೇಳಿ ಹೋದ್ರು. ಎರಡು ವರ್ಷಕ್ಕ ಒಬ್ಬಾಂವ ಮಗ ಬಂದ. ನಮ್ಮಪ್ಪ ಬಾಗಿಲ ತೆಗೀಲಿಲ್ಲ. ನಾ ಸಣ್ಣಾಂವ, ಒಳಗ ನಿಂತಿದ್ದೆ. ಅಂವ ಹೊರಗ ನಿಂತು ನಮ್ಮಪ್ಪನ ಹೆಸರು ಹಿಡಿದು ನಾಕು ಸಲ ಕರೆದ. ಐದನೇ ಸಲ ಕರೀಲಿಲ್ಲ."

ನನ್ನ ಬಾಯಿಂದ ಮಾತೇ ಬರಲಿಲ್ಲ. ಮುತ್ಯಾ ಒಂದು ಲೆಕ್ಕದ ವಹಿ ತೋರಿಸಿದ. ಹಾಳೆ ಮುಟ್ಟಿದ್ರೆ ಪುಡಿ ಆಗ್ತದೆ. ಅರ್ಧ ಉರ್ದು, ಅರ್ಧ ಮೋಡಿ ಅಕ್ಷರ. ನನಗೆ ಒಂದಕ್ಷರವೂ ಓದೋಕೆ ಬರಲಿಲ್ಲ. ಯಾರದ್ದು ಎಷ್ಟು ಹೊಲ, ಎಷ್ಟು ನಮ್ಮದು, ಎಲ್ಲ ಅದರಲ್ಲೇ ಇರಬೇಕು.

ಮರುದಿನ ಒಬ್ಬನೇ ಬೀದರಿಗೆ ಹೋದೆ. ಅಮೀರ್ ಬರೀದನ ಗೋರಿಗೆ ಗುಮ್ಮಟವೇ ಇಲ್ಲ! 1542ರಲ್ಲಿ ಇದ್ದಕ್ಕಿದ್ದಂತೆ ಸತ್ತ, ಕೆಲಸ ಅಷ್ಟಕ್ಕೇ ನಿಂತಿತು. ನಾಲ್ಕು ಸುಲ್ತಾನರನ್ನು ಕೂರಿಸಿ ಎಬ್ಬಿಸಿದವನ ತಲೆ ಮೇಲೆ ಬರೀ ಆಕಾಶ. ಮಗ ಅಲಿ ಬರೀದ್ ಈ ತಪ್ಪು ಮಾಡಲಿಲ್ಲ, ತನ್ನ ಗೋರಿಯನ್ನ ಬದುಕಿದ್ದಾಗಲೇ ಕಟ್ಟಿಸಿದ. ನಾಲ್ಕೂ ಕಡೆ ಎತ್ತರದ ಕಮಾನು, ಬಾಗಿಲಿಲ್ಲ, ಗಾಳಿ ಆ ಕಡೆಯಿಂದ ಈ ಕಡೆ ಹಾದು ಹೋಗ್ತದೆ. 'ಶಾ' ಅಂತ ಕರೆಸಿಕೊಂಡ ಮೊದಲ ಬರೀದ್ ಅವನೇ. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರದ ವಿರುದ್ಧ ಹೋದವರಲ್ಲಿ ಅವನೂ ಒಬ್ಬ. ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇದೆಯಲ್ಲ, ಅದೂ ಅವನ ಕಾಲದ್ದೇ.

1580ರಲ್ಲಿ ಅವನು ಸತ್ತ ಮೇಲೆ ಇಳಿಜಾರು. ಇಬ್ರಾಹಿಂ ಏಳು ವರ್ಷ, ಎರಡನೇ ಖಾಸಿಂ ನಾಲ್ಕು ವರ್ಷ. 1601ರಲ್ಲಿ ಮನೆಯವನೇ ಆದ ಮಿರ್ಜಾ ಅಲಿ, ಎರಡನೇ ಅಮೀರನನ್ನು ಓಡಿಸಿದ, ಅವನು ಭಾಗ್ಯನಗರಕ್ಕೆ ಹೋದ. 1619ರಲ್ಲಿ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾ ಬೀದರ್ ತಗೊಂಡು ಕೊನೆಯ ಬರೀದನನ್ನು ಬಿಜಾಪುರಕ್ಕೆ ಕರೆದುಕೊಂಡು ಹೋದ. ಇಷ್ಟು ಸಣ್ಣ ರಾಜ್ಯ ಅಷ್ಟು ದಿನ ಉಳಿದಿದ್ದೇ ದೊಡ್ಡವರು ಒಬ್ಬರನ್ನೊಬ್ಬರು ತಡೀತಿದ್ದರಿಂದ ಅನ್ಸುತ್ತೆ. ಬೇರಾರ 1574ರಲ್ಲೇ ಹೋಗಿತ್ತು, 1600ರಲ್ಲಿ ಅಹ್ಮದ್‌ನಗರದ ಕೋಟೆ ಮೊಘಲರ ಕೈಸೇರಿತ್ತು. ಆಟಗಾರರು ಕಡಿಮೆ ಆದಾಗ ನರಿಗೆ ಆಡೋಕೆ ಜಾಗ ಇರಲ್ಲ.

ರೂಮ್‌ಮೇಟ್‌ಗೆ ಉತ್ತರ ಕೊಡಬೇಕಿತ್ತಲ್ಲ. ಹುಡುಕಿದಾಗ ಮೆಡಿಚಿಗಿಂತ ಹತ್ತಿರದ ನೆಂಟರು ಸಿಕ್ಕರು: ವೆರೋನಾದ ಸ್ಕಾಲಾ ಮನೆತನ. 1262ರಲ್ಲಿ ಊರಿನವರು ಮಾಸ್ತಿನೋ ಅನ್ನುವವನನ್ನು ಜನರ ನಾಯಕ ಅಂತ ಆರಿಸಿದ್ರು. ಆ ಹುದ್ದೆ ಮನೆತನದಿಂದ ಹೊರಗೆ ಹೋಗಲೇ ಇಲ್ಲ. ಕವಿ ದಾಂತೆಗೆ ಆಶ್ರಯ ಕೊಟ್ಟ ಕಾನ್‌ಗ್ರಾಂದೆ ಅವರವನೇ. 1359ರಲ್ಲಿ ತಮ್ಮ ಅಣ್ಣನನ್ನು ಕೊಂದ, 1381ರಲ್ಲಿ ಮತ್ತೆ ಸಹೋದರನ ಕೊಲೆ, 1387ರಲ್ಲಿ ಮಿಲಾನಿನವರು ಊರನ್ನೇ ತಗೊಂಡ್ರು. ಲೆಕ್ಕ ಹಾಕಿ: ಅವರದು 125 ವರ್ಷ, ನಮ್ಮವರದು 127. ಅವರ ಗೋರಿಗಳೂ ಊರ ನಡುವೆ ನೋಡೋಕೆ ಚೆಂದ ಇವೆಯಂತೆ.

ನಮ್ಮ ವಾಡೆಯದು ಎಪ್ಪತ್ತು ಚಿಲ್ಲರೆ ವರ್ಷ. ರಾಜ್ಯವೂ ಅಲ್ಲ, ಕೊಲೆಯೂ ಇಲ್ಲ. ಆದ್ರೆ ಖಾಸಿಂನನ್ನ 'ಮೋಸಗಾರ' ಅಂತ ಅಷ್ಟು ಸಲೀಸಾಗಿ ಕರೆಯೋಕೆ ಈಗ ನನಗೆ ಬಾಯಿ ಬರ್ತಿಲ್ಲ. ಅವನ ಮರಿಮಗನಿಗೂ ಯಾರಾದ್ರೂ ಹೇಳಿದ್ರಾ, ಇಲ್ಲ ಅವನೂ ನನ್ನ ಹಾಗೆ 'ನಮ್ಮ ಮನೆ' ಅಂದುಕೊಂಡೇ ಬೆಳೆದನಾ ಗೊತ್ತಿಲ್ಲ.

ಹೊರಡುವ ದಿನ ಮುತ್ಯಾನನ್ನು ಕೇಳಿದೆ, "ಇದನ್ನ ಕಾಲೇಜ್ ಪತ್ರಿಕೆಗೆ ಬರೀಲಾ?"

"ಬರಿ. ಅವರ ಮನಿ ಹೆಸರು ಹಾಕಬ್ಯಾಡ. ನಮ್ಮದೂ ಹಾಕಬ್ಯಾಡ." ಸ್ವಲ್ಪ ತಡೆದು ಅಂದ, "ನಿಮ್ಮಪ್ಪಗ ನಾ ಹೇಳಿಲ್ಲ."

ಅಪ್ಪ ನನ್ನ ಬರಹಗಳನ್ನೆಲ್ಲ ಓದ್ತಾರೆ. ಲಿಂಕ್ ಕಳಿಸು ಅಂತ ನಿನ್ನೆಯೂ ಮೆಸೇಜ್ ಮಾಡಿದ್ದಾರೆ. ಇವತ್ತು ಕಳಿಸ್ತೀನಿ. ಮುಂದಿನ ತಿಂಗಳು ಪಾಲಿನ ಕಾಗದಕ್ಕೆ ಸಹಿ ಆಗಬೇಕು, ಅದಕ್ಕೂ ಮೊದಲು ಅವರು, ಕಾಕಾಗಳು ಇದನ್ನ ಓದಲಿ. ಮೂರು ಹೆಸರಿನ ಜೊತೆ ನಾಲ್ಕನೆಯದೊಂದು ಹೆಸರು ಇತ್ತು ಅಂತ ಗೊತ್ತಿರಲಿ. ಮೂರು ಬರೆದು ನಾಲ್ಕನೆಯದು ಬಿಟ್ಟುಹೋಗೋದು ಎಷ್ಟು ಸುಲಭ ಅಂತ ಪರೀಕ್ಷೆಯಲ್ಲಿ ಪೆನ್ನು ಕಚ್ಚಿದ ನನಗೆ ಗೊತ್ತು.