ಕಾವಿನ ಲೆಕ್ಕ

ನಮ್ಮ ಹಲಬರ್ಗಾದ ಮನೆಯಲ್ಲಿ ಒಂದು ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಇದೆ. ಅದರಲ್ಲಿ ಕಲಬುರಗಿ ಆಕಾಶವಾಣಿ ಹಾಕದೆ ನನ್ನ ಹೆಂಡತಿ ಬೆಳಿಗ್ಗೆ ಒಲೆ ಹಚ್ಚುತ್ತಿರಲಿಲ್ಲ. ಅವಳು ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಬೇಸಿಗೆ ರಜೆಗೆ ಬಂದ ಮೊಮ್ಮಗಳು ಅದರ ಹಿಂಬದಿ ಬಿಚ್ಚಿ ನೋಡಿದಳು. ಏಳನೇ ತರಗತಿ ಮುಗಿಸಿದ್ದಾಳೆ.

"ಮುತ್ಯಾ, ಸ್ಪೀಕರಿನ ವಾಯರ್ ಕಿತ್ತದ. ಬೆಸುಗಿ ಹಾಕಿದ್ರ ಆಯಿ ರೇಡಿಯೊ ಮತ್ತ ಹಾಡ್ತದ."

ಅಂದೇ ಭಾಲ್ಕಿಗೆ ಹೋದೆ. ಅಂಗಡಿಯಲ್ಲಿ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ನೂ ಇತ್ತು, 60 ವ್ಯಾಟ್‌ನದೂ ಇತ್ತು. ಕಾವು ಹೆಚ್ಚಿದ್ದರೆ ಕೆಲಸ ಬೇಗ ಎಂದು ದೊಡ್ಡದನ್ನೇ ತಂದೆ. ಮೊಮ್ಮಗಳು "ಬ್ಯಾಡ ಮುತ್ಯಾ" ಅಂದರೂ ಕೇಳದೆ, ದಪ್ಪ ತುದಿಯನ್ನು ಒತ್ತಿ ಹಿಡಿದೆ. ಹಲಗೆಗೆ ಅಂಟಿದ್ದ ತೆಳು ತಾಮ್ರದ ಪಟ್ಟಿ ಸುಟ್ಟು ಎದ್ದು ಬಂತು. ಇಬ್ಬರೂ ಮಾತಾಡಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಚಿಕ್ಕಂದಿನಲ್ಲಿ ಕಂಡ ಕಲಾಯಿಯವನು ನೆನಪಾದ. ಹಿತ್ತಾಳೆ ಪಾತ್ರೆಯನ್ನು ಹದವಾಗಿ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ ಅರಳೆಯಿಂದ ಉಜ್ಜುತ್ತಿದ್ದ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಬೆಸುಗೆ ತಂತಿಯಲ್ಲಿಯೂ ಅದೇ ತವರ, ಜೊತೆಗೆ ಸೀಸ. 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿದರೆ 183 ಡಿಗ್ರಿಗೇ ಕರಗುತ್ತದೆ. ತಂತಿಯ ಹೊಟ್ಟೆಯೊಳಗಿನ ರಾಳ ನವಸಾಗರದಂತೆ ಕಿಲುಬು ಕಳೆಯುತ್ತದೆ. ರೇಡಿಯೊದಂಥ ಸಣ್ಣ ಕೆಲಸಕ್ಕೆ 25 ವ್ಯಾಟ್ ಸಾಕು. 60 ವ್ಯಾಟ್ ಬೇಕಾಗುವುದು ದಪ್ಪ ವಾಯರಿಗೆ, ತಗಡಿಗೆ.

ಮರುದಿನ ಮೊಮ್ಮಗಳನ್ನೂ ಕರೆದುಕೊಂಡು ಹೋದೆ. ಆರಿಸಿದ್ದು ಅವಳೇ: ಚೂಪು ತುದಿ, ಸವೆದರೆ ಬದಲಿಸಲು ಬರಬೇಕು, ಮೂರು ಪಿನ್ನಿನ ಪ್ಲಗ್, ಬಿಸಿ ಇರುವಾಗ ಇಡಲು ಸ್ಟ್ಯಾಂಡ್. ಹೊಸ ತುದಿಗೆ ಮೊದಲು ಬೆಸುಗೆ ಸವರಿದಳು. ಅದೂ ಕಲಾಯಿಯೇ! ಎದ್ದುಹೋದ ಪಟ್ಟಿಯ ಜಾಗಕ್ಕೆ ಸಣ್ಣ ವಾಯರ್ ಇಟ್ಟು, ಮೊದಲು ಕೂಡುವ ಜಾಗ ಕಾಯಿಸಿ, ಆಮೇಲೆ ಅಲ್ಲಿಗೆ ಬೆಸುಗೆ ತಂತಿ ಮುಟ್ಟಿಸಿದಳು. ಒಂದೊಂದು ಕಡೆಯೂ ಮೂರು ಎಣಿಸುವಷ್ಟರಲ್ಲಿ ಮುಗಿಯಿತು. ಹೊಗೆ ಹೋಗಲೆಂದು ಕಿಟಕಿ ತೆರೆದಿದ್ದೆವು. ಸೀಸ ಮುಟ್ಟಿದ್ದರಿಂದ ಇಬ್ಬರೂ ಸೋಪು ಹಚ್ಚಿ ಕೈ ತೊಳೆದೆವು. ಮಕ್ಕಳೇ, ನೀವೂ ಮಾಡುವುದಾದರೆ ದೊಡ್ಡವರು ಪಕ್ಕದಲ್ಲಿರಲಿ. ದೊಡ್ಡವರೇ, ನೀವು ಮಕ್ಕಳ ಮಾತೂ ಕೇಳಿ.

ಸೆಲ್ ಹಾಕಿದೆವು. ಮೊದಲು ಗೊರಗೊರ ಸದ್ದು, ಆಮೇಲೆ ಕಲಬುರಗಿ ಬಂತು.

"ಮುತ್ಯಾ, ಈಗ ಒಲಿ ಹಚ್ಚಲೇನು?" ಎಂದಳು.

ಅವತ್ತಿನ ಚಹಾ ನಾನೇ ಮಾಡಿದೆ.