ಶಾರ್ಲವಾಯ್‌ನ ತಂಗುದಾಣ

ನಡೆಯುವುದನ್ನು ಎಲ್ಲರೂ ಕಲಿಯುತ್ತಾರೆ. ನಿಲ್ಲುವುದನ್ನು ಕಲಿಯುವವರು ಕೆಲವರೇ. ಎತ್ತಿನ ಬಂಡಿಯ ಕಾಲದಲ್ಲಿ ಎತ್ತು ದಣಿದರೆ ಬಂಡಿ ನಿಲ್ಲುತ್ತಿತ್ತು. ಬಂಡಿ ನಿಂತರೆ ಪಯಣಿಗನು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ, ಆ ಊರಿನ ನೀರು ಕುಡಿದು, ಅಲ್ಲಿಯವರೊಡನೆ ನಾಲ್ಕು ಮಾತನಾಡಿ ಮುಂದೆ ಸಾಗುತ್ತಿದ್ದನು. ಯಂತ್ರಕ್ಕೆ ದಣಿವಿಲ್ಲ. ಅದನ್ನೇರಿದ ಮನುಷ್ಯನು ತನಗೂ ದಣಿವಿಲ್ಲವೆಂದು ಭಾವಿಸಿದನು. ಆದರೆ ನೀರಿನ ಮೇಲಿನ ಪ್ರಯಾಣದಲ್ಲಿ ಇಂದಿಗೂ ಯಂತ್ರದ ಮಾತೊಂದೇ ನಡೆಯುವುದಿಲ್ಲ. ಅಲ್ಲಿ ಗಾಳಿಯ ಅಪ್ಪಣೆಯೂ ಬೇಕು.

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಭಾಗವನ್ನು ದೋಣಿಯಲ್ಲಿಯೇ ಒಂದು ಸುತ್ತು ಬರಲು ಸಾಧ್ಯವೆಂದರೆ ಆಶ್ಚರ್ಯವಾದೀತು. ಅಟ್ಲಾಂಟಿಕ್ ಕರಾವಳಿಯ ಒಳದಾರಿ, ಹಡ್ಸನ್ ನದಿ, ಕಾಲುವೆಗಳು, ಮಹಾ ಸರೋವರಗಳು, ಇಲಿನಾಯ್ ಮತ್ತು ಮಿಸಿಸಿಪಿ ನದಿಗಳು, ಮೆಕ್ಸಿಕೊ ಕೊಲ್ಲಿ, ಇವೆಲ್ಲ ಒಂದಕ್ಕೊಂದು ಕೂಡಿಕೊಂಡು ಸುಮಾರು 9,600 ಕಿಲೋಮೀಟರುಗಳ ಜಲಮಾರ್ಗವಾಗಿದೆ. ಅದಕ್ಕೆ ‘ಗ್ರೇಟ್ ಲೂಪ್’ ಎಂದು ಹೆಸರು. ಅದನ್ನು ಪೂರೈಸಲು ಸಾಮಾನ್ಯವಾಗಿ ಒಂದು ವರ್ಷ ಬೇಕು. ಉದ್ಯೋಗದಿಂದ ನಿವೃತ್ತರಾಗಿ, ಮನೆಗೆ ಬೀಗ ಹಾಕಿ, ದೋಣಿಯನ್ನೇ ಮನೆಯಾಗಿ ಮಾಡಿಕೊಂಡು ಹೊರಡುವ ದಂಪತಿಗಳು ಅನೇಕರುಂಟು. ಉತ್ತರದ ಸರೋವರಗಳನ್ನು ಬೇಸಿಗೆಯಲ್ಲಿಯೇ ದಾಟಿ, ಚಳಿ ಬಲಿಯುವ ಮುನ್ನ ದಕ್ಷಿಣಕ್ಕೆ ಇಳಿಯಬೇಕು. ಆದುದರಿಂದ ವಿರಾಮದ ಯಾತ್ರೆಯಾದರೂ ಅವಸರವೊಂದು ಸದಾ ಬೆನ್ನ ಹಿಂದೆ ನಿಂತಿರುತ್ತದೆ.

ಅಂತಹ ದಂಪತಿಗಳೊಬ್ಬರು ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಮಿಷಿಗನ್ ರಾಜ್ಯದ ಶಾರ್ಲವಾಯ್ ಪಟ್ಟಣವನ್ನು ಸಮೀಪಿಸಿದರು. ಹದಿನೆಂಟನೆಯ ಶತಮಾನದಲ್ಲಿ ಆ ಪ್ರಾಂತದಲ್ಲಿ ಸಂಚರಿಸಿದ ಫ್ರೆಂಚ್ ಪಾದ್ರಿಯೊಬ್ಬನ ಹೆಸರನ್ನು ಹೊತ್ತ ಪುಟ್ಟ ಊರು ಅದು. ಪಶ್ಚಿಮಕ್ಕೆ ಕಡಲಿನಂತೆ ಹರಡಿರುವ ಮಿಷಿಗನ್ ಸರೋವರ. ಪೂರ್ವಕ್ಕೆ ಶಾರ್ಲವಾಯ್ ಸರೋವರ. ಎರಡರ ನಡುವೆ ಬಟ್ಟಲಿನಂತಿರುವ ರೌಂಡ್ ಸರೋವರ. ಕೆಂಪು ಬಣ್ಣದ ದೀಪಸ್ತಂಭವನ್ನು ಬಳಸಿ, ಕಿರಿದಾದ ಕಾಲುವೆಯೊಂದನ್ನು ಹೊಕ್ಕರೆ ಈ ಬಟ್ಟಲು ಸಿಗುತ್ತದೆ. ಕಾಲುವೆಯ ಮೇಲೆ ಹೆದ್ದಾರಿಯ ಸೇತುವೆಯೊಂದಿದೆ. ಬೇಸಿಗೆಯ ಹಗಲಿನಲ್ಲಿ ಎತ್ತರದ ದೋಣಿಗಳು ಕಾದಿದ್ದರೆ, ಅರ್ಧ ಗಂಟೆಗೊಮ್ಮೆ ಅದರ ಎರಡು ರೆಕ್ಕೆಗಳು ಮೇಲಕ್ಕೆದ್ದು ದಾರಿಬಿಡುತ್ತವೆ. ವೇಗವಾಗಿ ಓಡುವ ಮೋಟಾರುಗಳು ಸಾಲಾಗಿ ನಿಂತು, ಮೆಲ್ಲನೆ ತೇಲುವ ದೋಣಿಗೆ ದಾರಿಬಿಡುವ ಆ ನೋಟವನ್ನು ಕಂಡು ಪತ್ನಿಯು ನಕ್ಕರು. ಪತಿಯು ಗಡಿಯಾರವನ್ನು ನೋಡಿಕೊಂಡರು. ಮರುದಿನ ಬೆಳಗ್ಗೆಯೇ ಅಲ್ಲಿಂದ ಹೊರಡಬೇಕೆಂದು ಅವರ ದಿನಚರಿಯ ಪುಸ್ತಕದಲ್ಲಿ ಬರೆದಾಗಿತ್ತು.

ಸಂಜೆ ಇಬ್ಬರೂ ಊರು ನೋಡಲು ಹೊರಟರು. ರಸ್ತೆಯ ಇಕ್ಕೆಲಗಳಲ್ಲಿಯೂ ಪಿಟೂನಿಯಾ ಹೂವುಗಳ ಸಾಲು. ಪ್ರತಿ ವಸಂತದಲ್ಲಿಯೂ ಊರಿನವರೇ ಒಂದುಗೂಡಿ ಆ ಸಸಿಗಳನ್ನು ನೆಡುತ್ತಾರೆ. ಮುಂದೆ ಹೋದರೆ ಅಣಬೆಯ ಕೊಡೆಯಂತೆ ಬಾಗಿದ ಛಾವಣಿಯ, ಗುಂಡುಕಲ್ಲುಗಳ ವಿಚಿತ್ರ ಮನೆಗಳು. ಅರ್ಲ್ ಯಂಗ್ ಎಂಬಾತನು ಅವುಗಳನ್ನು ನಿರ್ಮಿಸಿದವನು. 1889ರಲ್ಲಿ ಜನಿಸಿ 1975ರಲ್ಲಿ ತೀರಿಕೊಂಡ ಆತನು ವಾಸ್ತುಶಿಲ್ಪದ ವ್ಯಾಸಂಗವನ್ನು ಅರ್ಧದಲ್ಲಿಯೇ ಬಿಟ್ಟವನು. ಆದರೆ ಕಲ್ಲಿನ ಗುಣವನ್ನು ಬಲ್ಲವನು. ಪ್ರಾಚೀನ ಕಾಲದ ಹಿಮನದಿಗಳು ಹೊತ್ತುತಂದು ಚೆಲ್ಲಿದ ಬಂಡೆಗಳಲ್ಲಿ ಮನಸ್ಸಿಗೆ ಬಂದುದನ್ನು ಆರಿಸಿ, ಅದಕ್ಕೆ ತಕ್ಕ ಸ್ಥಳ ದೊರೆಯುವವರೆಗೆ ಮಣ್ಣಿನಲ್ಲಿ ಹೂತೋ ಅಡಗಿಸಿಯೋ ವರ್ಷಗಟ್ಟಲೆ ಕಾಯುತ್ತಿದ್ದನಂತೆ. ಹಾಗೆ ಕಾದು ಇರಿಸಿದ ಸುಮಾರು ಒಂಬತ್ತು ಟನ್ ತೂಕದ ಬಂಡೆಯೊಂದು ಇಂದು ಕಾಲುವೆಯ ಬಳಿಯ ಭೋಜನಶಾಲೆಯ ಅಗ್ಗಿಷ್ಟಿಕೆಯಲ್ಲಿ ವಿರಾಜಿಸುತ್ತಿದೆ.

ಮರುದಿನ ಬೆಳಗ್ಗೆ ಗಾಳಿಯು ಪಶ್ಚಿಮಕ್ಕೆ ತಿರುಗಿತ್ತು. ರೌಂಡ್ ಸರೋವರದ ನೀರು ಕನ್ನಡಿಯಂತಿದ್ದರೂ ದೀಪಸ್ತಂಭದ ಕಟ್ಟೆಯ ಮೇಲೆ ಅಲೆಗಳು ಅಪ್ಪಳಿಸುತ್ತಿದ್ದವು. ದಕ್ಷಿಣದ ಮುಂದಿನ ಬಂದರನ್ನು ಮುಟ್ಟಲು ಕೆಲವೇ ಗಂಟೆಗಳ ದಾರಿ; ಯಂತ್ರವು ಬಲವಾಗಿದೆ; ಇಂದು ಹೊರಡದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ ಎಂದು ಪತಿಯು ವಾದಿಸಿದರು.

“ನಮ್ಮ ದಿನಚರಿಯನ್ನು ಗಾಳಿಯು ಓದಿಲ್ಲವಲ್ಲ!” ಎಂದರು ಪತ್ನಿ.

ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧರೊಬ್ಬರು ಈ ಮಾತನ್ನು ಕೇಳಿಸಿಕೊಂಡು, ತಾವು ಹುಡುಗರಾಗಿದ್ದಾಗಿನ ಸಂಗತಿಯೊಂದನ್ನು ಹೇಳಿದರು. 1958ರ ನವೆಂಬರ್ 18ರಂದು ಕಾರ್ಲ್ ಡಿ. ಬ್ರ್ಯಾಡ್ಲಿ ಎಂಬ ಸರಕು ಹಡಗು ಇದೇ ಸರೋವರದ ಬಿರುಗಾಳಿಯಲ್ಲಿ ಎರಡು ತುಂಡಾಗಿ ಮುಳುಗಿತು. ಅದರಲ್ಲಿದ್ದವರು 35 ಮಂದಿ. ಶಾರ್ಲವಾಯ್‌ನಲ್ಲಿದ್ದ ‘ಸನ್‌ಡ್ಯೂ’ ಎಂಬ ತೀರರಕ್ಷಣಾ ನೌಕೆಯು ಆ ಕತ್ತಲಿನಲ್ಲಿಯೇ ಹೊರಟಿತು. ಮರುದಿನ ಬೆಳಗ್ಗೆ ತೆಪ್ಪವೊಂದರ ಮೇಲೆ ಇಬ್ಬರು ಜೀವಂತವಾಗಿ ದೊರೆತರು. ಆ ತೆಪ್ಪದಲ್ಲಿ ರಾತ್ರಿ ನಾಲ್ವರಿದ್ದರು. ಒಟ್ಟು 33 ಮಂದಿ ಹಿಂದಿರುಗಲಿಲ್ಲ. ಈ ದಡದಲ್ಲಿ ಅಂದು ಕಾದು ನಿಂತಿದ್ದವರ ಮೌನವನ್ನು ತಾವು ಇನ್ನೂ ಮರೆತಿಲ್ಲವೆಂದು ವೃದ್ಧರು ಹೇಳಿದರು.

“ಅದು ನವೆಂಬರ್, ಇದು ಆಗಸ್ಟ್,” ಎಂದರು ಪತಿ, ಮೆಲ್ಲನೆ.

“ನಿಜ. ಆದರೆ ಆ ಹಡಗು 639 ಅಡಿ ಉದ್ದವಾಗಿತ್ತು,” ಎಂದು ವೃದ್ಧರು, ದಡದಲ್ಲಿ ತೂಗಾಡುತ್ತಿದ್ದ ಪುಟ್ಟ ದೋಣಿಯ ಕಡೆಗೆ ನೋಡಿದರು.

ಪತಿಯು ಮತ್ತೆ ಮಾತನಾಡಲಿಲ್ಲ. ದೋಣಿಗೆ ಹೋಗಿ ಸಡಿಲಿಸಿದ್ದ ಹಗ್ಗಗಳನ್ನು ಇನ್ನೊಮ್ಮೆ ಬಿಗಿದು ಕಟ್ಟಿದರು.

ಹೀಗೆ ಒಂದು ರಾತ್ರಿಯ ತಂಗು ನಾಲ್ಕು ದಿನಗಳದಾಯಿತು. ಮೊದಲ ದಿನ ಪತಿಯು ಗಳಿಗೆಗೊಮ್ಮೆ ಗಾಳಿಯ ವಾರ್ತೆಯನ್ನು ಕೇಳುತ್ತಿದ್ದರು. ಎರಡನೆಯ ದಿನ, ಗಾಳಿಗಾಗಿ ತಮ್ಮಂತೆಯೇ ಕಾದಿದ್ದ ಪಕ್ಕದ ದೋಣಿಯವರೊಡನೆ ಊಟವನ್ನು ಹಂಚಿಕೊಂಡರು. ಮೂರನೆಯ ದಿನ ಇಬ್ಬರೂ ಮರಳಿನ ದಡದಲ್ಲಿ ಬಾಗಿ ಬಾಗಿ ಕಲ್ಲುಗಳನ್ನು ಹುಡುಕಿದರು. ಅಲ್ಲಿ ‘ಪೆಟೋಸ್ಕಿ ಕಲ್ಲು’ ಎಂಬುದೊಂದು ದೊರೆಯುತ್ತದೆ. ಸುಮಾರು 35 ಕೋಟಿ ವರ್ಷಗಳ ಹಿಂದೆ ಆ ನೆಲವನ್ನು ಆವರಿಸಿದ್ದ ಬೆಚ್ಚನೆಯ ಕಡಲಿನ ಹವಳವು ಕಲ್ಲಾದುದು ಅದು. 1965ರಲ್ಲಿ ಮಿಷಿಗನ್ ಅದನ್ನು ತನ್ನ ರಾಜ್ಯಶಿಲೆಯೆಂದು ಸಾರಿತು. ಒಣಗಿರುವಾಗ ಅದು ಸಾಧಾರಣವಾದ ಬೂದು ಕಲ್ಲು. ನೀರಿನಲ್ಲಿ ಅದ್ದಿದೊಡನೆ ಜೇನುಗೂಡಿನಂತಹ ಆರು ಮೂಲೆಯ ಚಿತ್ತಾರವು ಅದರ ಮೈಮೇಲೆ ಮೂಡುತ್ತದೆ. ಅವಸರದಿಂದ ನಡೆದುಹೋಗುವವನ ಕಾಲಿಗೆ ಅದು ಕಲ್ಲು; ನಿಂತು, ಎತ್ತಿ, ತೊಳೆದು ನೋಡಿದವನಿಗೆ ಅದು ಕಡಲಿನ ಕತೆ.

ಕಾಯುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ಅರ್ಲ್ ಯಂಗ್ ಕಾದುದರಿಂದ ಬಂಡೆಗೆ ತಕ್ಕ ಮನೆ ದೊರೆಯಿತು. ಒಮ್ಮೆ ಕಾಯದೆ ಹೊರಡುವುದೇ ಧರ್ಮವಾಗುವುದೂ ಉಂಟು. ಅಂದು ರಾತ್ರಿ ‘ಸನ್‌ಡ್ಯೂ’ ನೌಕೆಯವರು ಕಾದಿದ್ದರೆ ಆ ಇಬ್ಬರು ಉಳಿಯುತ್ತಿರಲಿಲ್ಲ. ಅವರು ಪರರ ಪ್ರಾಣಕ್ಕಾಗಿ ಬಿರುಗಾಳಿಯನ್ನು ಎದುರಿಸಿದರು. ಬರಿಯ ದಿನಚರಿಯ ಪುಟಕ್ಕಾಗಿ ಅದನ್ನು ಎದುರಿಸುವುದು ಧೈರ್ಯವಲ್ಲ. ಎಂದು ಹೊರಡಬೇಕು, ಎಂದು ನಿಲ್ಲಬೇಕು ಎಂಬ ವಿವೇಕವೇ ನಾವಿಕನ ನಿಜವಾದ ಚುಕ್ಕಾಣಿ.

ಐದನೆಯ ದಿನ ಗಾಳಿ ತಗ್ಗಿತು. ಸೇತುವೆಯ ಗಂಟೆ ಬಾರಿಸಿತು, ಮೋಟಾರುಗಳು ನಿಂತವು, ರೆಕ್ಕೆಗಳು ಮೇಲಕ್ಕೆದ್ದವು. ದೋಣಿಯೊಳಗೆ, ತೆರೆದಿದ್ದ ದಿನಚರಿಯ ಹಾಳೆಗಳು ಗಾಳಿಗೆ ಹಾರದಂತೆ, ಪತಿಯು ಅದರ ಮೇಲೊಂದು ಪೆಟೋಸ್ಕಿ ಕಲ್ಲನ್ನಿಟ್ಟಿದ್ದರು. ಮುಂದಿನ ಬಂದರಿನ ಹೆಸರು ಅಲ್ಲಿತ್ತು. ಅದರ ಎದುರಿಗೆ ತಾರೀಖನ್ನು ಮಾತ್ರ ಅವರು ಬರೆದಿರಲಿಲ್ಲ.